ಸೀಮೆಹಸುವಿನ ಹೊಟ್ಟೆಯೊಳಗೊಂದು ಒಲೆ

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ, ಅದರ ಹಿಂದೆ ಕೊಟ್ಟಿಗೆ. ಮೇಲೆ ತಗಡಿನ ಶೀಟು, ಕೆಳಗೆ ಕಲ್ಲುಚಪ್ಪಡಿ, ನಡುವೆ ಗೌರಿ. ಕಪ್ಪು-ಬಿಳುಪಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಸೀಮೆಹಸು) ಮಿಶ್ರತಳಿ ಹಸು, ಎರಡನೇ ಸೂಲು. ಮಲಗಿ ಮೆಲುಕು ಹಾಕಬೇಕಾದ ಹೊತ್ತಲ್ಲಿ ನಿಂತೇ ಇತ್ತು. ಬಾಯಿ ಅರ್ಧ ತೆರೆದಿತ್ತು, ಜೊಲ್ಲು ದಾರದ ಹಾಗೆ ನೆಲದವರೆಗೆ ಇಳಿದಿತ್ತು. ಮುಂದೆ ಹಾಕಿದ್ದ ರಾಗಿ ಹುಲ್ಲಿಗೆ ಮೂತಿಯನ್ನೂ ಇಟ್ಟಿರಲಿಲ್ಲ. ಅದರ ಪಕ್ಕೆ ಏರಿಳಿಯುವುದನ್ನು ಸುಮ್ನೆ ನಿಂತು ಎಣಿಸಿದೆ. 15 ಸೆಕೆಂಡಿಗೆ 21 ಸಲ. ಅಂದರೆ ನಿಮಿಷಕ್ಕೆ 84.

ಆರಾಮಾಗಿರುವ ಹಸು ನಿಮಿಷಕ್ಕೆ 30ರ ಆಸುಪಾಸು ಉಸಿರಾಡುತ್ತದೆ. 60 ದಾಟಿತೆಂದರೆ ಸೆಕೆ ತಡೆಯಲಾಗುತ್ತಿಲ್ಲ ಎಂದರ್ಥ. 80 ದಾಟಿದರೆ ತಕ್ಷಣ ಏನಾದರೂ ಮಾಡಬೇಕು.

“ಬಿಸ್ಲಿಗೆ ಹಾಲು ಇಳ್ದೋಗೈತಪ್ಪ. ಒಂದು ಮಳೆ ಬಿದ್ರೆ ಸರಿಹೋಗ್ತೈತೆ” ಅಂದರು ಚಿಕ್ಕಮ್ಮ.

ಈ ಮಾತಿನ ಮೊದಲ ಭಾಗದಲ್ಲಿ ನನಗೆ ತಕರಾರಿಲ್ಲ. ಎರಡನೆಯದರಲ್ಲಿದೆ. ಬೇಸಿಗೆಯಲ್ಲಿ ಹಾಲು ಇಳಿಯುವುದು ಎಲ್ಲರ ಕಣ್ಣಿಗೂ ಕಾಣುತ್ತದೆ, ಏಕೆಂದರೆ ಡೇರಿ ಪುಸ್ತಕದಲ್ಲಿ ಬರೆದಿರುತ್ತದೆ. ಮಳೆ ಬಿದ್ದರೂ ಸರಿಹೋಗದ ನಷ್ಟ ಇನ್ನೊಂದಿದೆ. ಅದನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಅದು ಅರ್ಥವಾಗಬೇಕಾದರೆ ಹಸುವಿನ ಹೊಟ್ಟೆಯಿಂದ ಶುರು ಮಾಡಬೇಕು.

ಹೊಟ್ಟೆಯ ಒಲೆ

ಹಸುವಿನ ದೊಡ್ಡ ಹೊಟ್ಟೆ, ಅಂದರೆ ರೂಮೆನ್, ನೂರು ಲೀಟರಿಗೂ ಜಾಸ್ತಿ ಹಿಡಿಯುವ ಒಂದು ಡ್ರಮ್ಮು ಅಂದುಕೊಳ್ಳಿ. ತಿಂದ ಹುಲ್ಲನ್ನು ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಹುಳಿ ಬರಿಸುತ್ತವೆ. ಇಡ್ಲಿ ಹಿಟ್ಟು ಹುಳಿ ಬರುವಾಗ ಪಾತ್ರೆ ಮುಟ್ಟಿ ನೋಡಿದ್ದೀರಲ್ವಾ? ಸ್ವಲ್ಪ ಬೆಚ್ಚಗಿರುತ್ತದೆ. ಇಲ್ಲೂ ಅದೇ ಕತೆ, ಆದರೆ ಪಾತ್ರೆ ದೊಡ್ಡದು, ಕೆಲಸ ದಿನವಿಡೀ ನಡೆಯುತ್ತದೆ. ಮೇವು ತಿಂದ ಮೂರ್ನಾಲ್ಕು ಗಂಟೆಯ ಹೊತ್ತಿಗೆ ಈ ಬಿಸಿ ಜೋರಾಗುತ್ತದೆ. ಇದರ ಮೇಲೆ ಹಾಲು ತಯಾರಾಗುವಾಗಲೂ ಮೈ ಕಾಯುತ್ತದೆ. ಒಂದು ಲೀಟರ್ ಹಾಲಾಗಬೇಕಾದರೆ 400ರಿಂದ 500 ಲೀಟರ್ ರಕ್ತ ಕೆಚ್ಚಲನ್ನು ಹಾದುಹೋಗಬೇಕು. ಹಾಗಾಗಿ ಹೆಚ್ಚು ಹಾಲು ಕೊಡುವ ಹಸುವಿನ ಒಲೆ ಹೆಚ್ಚು ಉರಿಯುತ್ತಿರುತ್ತದೆ. ಬರಡು ಹಸುವಿಗಿಂತ ಹಾಲಿನ ಹಸು ಮೊದಲು ಸೋಲುವುದು ಇದಕ್ಕೇ.

ಚಳಿಯ ದೇಶದಲ್ಲಿ ಇದು ವರ. ಎಚ್‌ಎಫ್ ಮೂಲತಃ ನೆದರ್‌ಲ್ಯಾಂಡ್ಸ್, ಉತ್ತರ ಜರ್ಮನಿ ಕಡೆಯದು. 5ರಿಂದ 25 ಡಿಗ್ರಿ ಅದಕ್ಕೆ ಹಿತ. ಒಳಗೊಂದು ಒಲೆ ಇದ್ದರೆ ಹೊರಗಿನ ಚಳಿ ತಡೆಯಬಹುದು. ನಮ್ಮಲ್ಲಿ ಹೊರಗೂ ಒಲೆ, ಒಳಗೂ ಒಲೆ. ಹಸುವಿನ ಮೈಬಿಸಿ ಸಾಮಾನ್ಯವಾಗಿ 38.5 ಡಿಗ್ರಿಯ ಹತ್ತಿರ ಇರುತ್ತದೆ. ಹೊರಗಿನ ಗಾಳಿ 36 ಆದಾಗ ಒಳಗಿನ ಬಿಸಿ ಹೊರಹೋಗಲು ದಾರಿಯೇ ಕಡಿಮೆ. ಉಳಿದದ್ದು ಎರಡೇ: ಬೆವರು, ಏದುಸಿರು.

ಇಲ್ಲಿ ಗಾಳಿಯ ತೇವದ ಮಾತು ಬರುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ. ಅದಕ್ಕೆ ಪಶುವೈದ್ಯರು ಬಿಸಿ ಮತ್ತು ತೇವ ಎರಡನ್ನೂ ಸೇರಿಸಿ ‘ಟಿಎಚ್‌ಐ’ ಎಂಬ ಒಂದು ಅಂಕಿ ಲೆಕ್ಕ ಹಾಕುತ್ತಾರೆ. ಅದು 72 ದಾಟಿದರೆ ಎಚ್‌ಎಫ್ ಹಸುವಿಗೆ ಕಷ್ಟ ಶುರು. ಒಂದು ಲೆಕ್ಕ ಮಾಡಿ ನೋಡೋಣ. ಕೋಲಾರದ ಒಣ ಮಧ್ಯಾಹ್ನ 36 ಡಿಗ್ರಿ, ಗಾಳಿಯಲ್ಲಿ ತೇವ ಶೇ 25 ಎಂದಿಟ್ಟುಕೊಂಡರೆ ಅಂಕಿ 81ರ ಹತ್ತಿರ ಬರುತ್ತದೆ. ಮಂಗಳೂರಲ್ಲಿ ಬರೀ 31 ಡಿಗ್ರಿ, ತೇವ ಶೇ 75 ಎಂದಿಟ್ಟುಕೊಂಡರೆ 84ರ ಹತ್ತಿರ! ಥರ್ಮಾಮೀಟರಿನಲ್ಲಿ ಐದು ಡಿಗ್ರಿ ಕಡಿಮೆ, ಹಸುವಿಗೆ ಕಷ್ಟ ಮಾತ್ರ ಜಾಸ್ತಿ. ಇನ್ನೊಂದು ವಿಷಯ ನನಗೇ ಆಶ್ಚರ್ಯ ತಂದಿತ್ತು. 25 ಡಿಗ್ರಿ, ಶೇ 60 ತೇವ, ಅಂದರೆ ನಮಗೆ ಹಾಯೆನಿಸುವ ಹವೆಯಲ್ಲೇ ಅಂಕಿ 72 ದಾಟಿರುತ್ತದೆ. ನಮ್ಮ ಮೈಗೆ ಹಿತವಾದದ್ದು ಹಸುವಿಗೂ ಹಿತ ಅಂದುಕೊಳ್ಳುವುದೇ ಮೊದಲ ತಪ್ಪು.

ಹಾಗಾದರೆ ಇಷ್ಟು ವರ್ಷ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸೀಮೆಹಸು ಹೇಗೆ ಬದುಕಿತು? ರಾತ್ರಿಗಳಿಂದ. ಹಗಲು ಎಷ್ಟೇ ಕಾದರೂ ರಾತ್ರಿ ಕೆಲವು ಗಂಟೆ ಹವೆ 21 ಡಿಗ್ರಿಯ ಕೆಳಗಿಳಿದರೆ ಹಸು ಕೂಡಿಟ್ಟ ಬಿಸಿಯನ್ನು ಹೊರಹಾಕಿ ಮಾರನೇ ದಿನಕ್ಕೆ ತಯಾರಾಗುತ್ತದೆ. ಬಯಲುಸೀಮೆಯ ಈ ಎತ್ತರದ ನೆಲಕ್ಕೆ ಆ ಅನುಕೂಲ ಇತ್ತು. ಹವೆ ಬಿಸಿಯಾಗುತ್ತಿರುವುದರಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಹಗಲಿನ ದಾಖಲೆಗಳಲ್ಲ, ರಾತ್ರಿಯೂ ತಣಿಯದಿರುವುದು. ಬೆಂಗಳೂರಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದಾಗ ಪೇಪರಿನ ಮುಖಪುಟದಲ್ಲಿ ಬಂತು. ರಾತ್ರಿ ಎರಡು ಡಿಗ್ರಿ ಏರಿದರೆ ಯಾರೂ ಬರೆಯುವುದಿಲ್ಲ.

ಹಾಲು ಎಲ್ಲಿ ಹೋಯಿತು?

ಬಿಸಿ ತಡೆಯಲಾರದ ಹಸು ಮಾಡುವ ಮೊದಲ ಕೆಲಸ ಒಲೆಗೆ ಸೌದೆ ಕಡಿಮೆ ಮಾಡುವುದು. ಅಂದರೆ ಮೇವು ಬಿಡುವುದು. ಅದಕ್ಕೇ ಹಾಲು ಇಳಿಯುತ್ತದೆ, ಅಷ್ಟೇ ತಾನೇ ಅಂದುಕೊಳ್ಳಬಹುದು. ಅಷ್ಟೇ ಅಲ್ಲ. ಅಮೆರಿಕದ ಅರಿಜೋನಾದಲ್ಲಿ ಇದನ್ನು ಒಂದು ಜಾಣ ಪ್ರಯೋಗದಿಂದ ಬಿಡಿಸಿ ನೋಡಿದರು. ಒಂದು ಗುಂಪಿನ ಹಸುಗಳನ್ನು ಬಿಸಿಯಲ್ಲಿಟ್ಟರು. ಇನ್ನೊಂದು ಗುಂಪನ್ನು ತಂಪಲ್ಲಿಟ್ಟರು, ಆದರೆ ಬಿಸಿಯಲ್ಲಿದ್ದ ಹಸುಗಳು ಎಷ್ಟು ತಿಂದವೋ ಅಷ್ಟೇ ಮೇವು ಹಾಕಿದರು. ತಂಪಲ್ಲಿ ಅರೆಹೊಟ್ಟೆ ಇದ್ದವಕ್ಕೂ ಹಾಲು ಇಳಿಯಿತು, ಆದರೆ ಬಿಸಿಯಲ್ಲಿದ್ದವುಗಳ ಅರ್ಧದಷ್ಟು ಮಾತ್ರ. ಉಳಿದರ್ಧ ಮೇವಿನಿಂದಲ್ಲ, ಬಿಸಿಯಿಂದಲೇ ಆದ ನಷ್ಟ. ಮೈ ತಣಿಸಿಕೊಳ್ಳಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಕೆಚ್ಚಲಿಗೆ ಕಡಿಮೆ ಬೀಳುತ್ತದೆ. ಮೈಯೊಳಗಿನ ಸಕ್ಕರೆ ಹಾಲಿಗೆ ಹೋಗುವ ಬದಲು ಬೇರೆ ಕೆಲಸಕ್ಕೆ ಖರ್ಚಾಗುತ್ತದೆ. ಅಂದಮೇಲೆ ಬೇಸಿಗೆಯಲ್ಲಿ ಹಿಂಡಿ ಜಾಸ್ತಿ ಸುರಿದರೆ ಹಾಲು ವಾಪಸ್ ಬರುತ್ತದೆ ಎಂಬ ಲೆಕ್ಕ ಪೂರ್ತಿ ಹೊಂದುವುದಿಲ್ಲ.

ಇನ್ನು ಜೊಲ್ಲಿನ ವಿಷಯ. ಹಸುವಿನ ಜೊಲ್ಲಲ್ಲಿ ಸೋಡಾದಂಥ ಅಂಶ ಇರುತ್ತದೆ. ಅದು ಹೊಟ್ಟೆಯ ಹುಳಿಯನ್ನು ಹದದಲ್ಲಿಡುತ್ತದೆ. ಏದುಸಿರು ಬಿಡುವಾಗ ಆ ಜೊಲ್ಲು ನೆಲದ ಪಾಲು. ಮೆಲುಕೂ ಕಡಿಮೆಯಾಗುವುದರಿಂದ ಹೊಸ ಜೊಲ್ಲು ಹೊಟ್ಟೆಗೆ ಇಳಿಯುವುದೂ ಕಡಿಮೆ. ಹೊಟ್ಟೆ ಹುಳಿಯಾಗುತ್ತದೆ, ಹಾಲಿನ ಫ್ಯಾಟ್ ಬೀಳುತ್ತದೆ. ಡೇರಿಯಲ್ಲಿ “ಡಿಗ್ರಿ ಬಂದಿಲ್ಲ, ಫ್ಯಾಟ್ ಬಂದಿಲ್ಲ” (ಇಲ್ಲಿ ಡಿಗ್ರಿ ಅಂದರೆ ಹಾಲಿನ ಗಟ್ಟಿತನದ ಅಳತೆ) ಅಂದಾಗ ಹಾಲಿಗೆ ನೀರು ಬೆರೆಸಿದ್ದಾರೆ ಅಂತ ಅನುಮಾನ ಪಡುವವರಿದ್ದಾರೆ. ಎಷ್ಟೋ ಸಲ ಅದು ನೀರಿನ ಕರಾಮತ್ತಲ್ಲ, ಸೆಕೆಯದು. ಬೇಸಿಗೆಯಲ್ಲಿ ತಿಂಡಿಯ ಜೊತೆ ಸ್ವಲ್ಪ ಅಡುಗೆ ಸೋಡಾ ಕೊಡಿ ಅಂತ ಪಶುವೈದ್ಯರು ಹೇಳುವುದೂ ಇದೇ ಕಾರಣಕ್ಕೆ.

ಇದರಲ್ಲೊಂದು ಕ್ರೂರ ತಮಾಷೆ ಇದೆ. ಒಣ ಹುಲ್ಲು, ಜೋಳದ ಸೊಪ್ಪೆಯಂಥ ನಾರಿನ ಮೇವು ಹೊಟ್ಟೆಯಲ್ಲಿ ಹೆಚ್ಚು ಬಿಸಿ ಹುಟ್ಟಿಸುತ್ತದೆ, ಕೊಡುವ ಶಕ್ತಿ ಕಡಿಮೆ. ಎಳೆಯ ಹಸಿಮೇವು ಅದಕ್ಕಿಂತ ತಂಪು. ಆದರೆ ಏಪ್ರಿಲ್‌ನಲ್ಲಿ ರೈತರ ಹತ್ತಿರ ಉಳಿದಿರುವುದು ಬಣವೆಯ ಒಣ ಹುಲ್ಲು ಮಾತ್ರ.

ಕಾಣದ ಬೆದೆ

ಈಗ ಡೇರಿ ಪುಸ್ತಕದಲ್ಲಿ ಬರೆಯದ ನಷ್ಟಕ್ಕೆ ಬರೋಣ.

ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ತಂಪು ಹವೆಯಲ್ಲಿ ಬೆದೆಯ ಲಕ್ಷಣ ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಕಾಣುತ್ತದೆ. ಕೂಗುತ್ತದೆ, ಪಕ್ಕದ ಹಸುವಿನ ಮೇಲೆ ಹತ್ತಲು ನೋಡುತ್ತದೆ, ಲೋಳೆ ಹಾಕುತ್ತದೆ. ಸೆಕೆಯಲ್ಲಿ ಬೆದೆಯ ಹೊತ್ತು ಕಡಿಮೆಯಾಗುತ್ತದೆ, ಕೂಗಾಟ ಇರುವುದಿಲ್ಲ. ಬಂದರೂ ನಡುರಾತ್ರಿ, ಮನೆಯವರು ಮಲಗಿರುವಾಗ ಬಂದುಹೋಗುತ್ತದೆ. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಕಂಡು, ಇನ್ಸೆಮಿನೇಷನ್ ಮಾಡಿಸಿದರೂ ಗಬ್ಬ ನಿಲ್ಲುವುದು ಅನುಮಾನ. ಮೊದಲ ಕೆಲವು ದಿನಗಳ ಭ್ರೂಣಕ್ಕೆ ತಾಯಿಯ ಮೈಬಿಸಿ ಒಂದು ಡಿಗ್ರಿ ಏರಿದರೂ ತಡೆಯಲಾಗುವುದಿಲ್ಲ. “ತಿರುಗಿ ಬೆದೆಗೆ ಬಂತು” ಎಂಬ ಬೇಸಿಗೆಯ ದೂರು ಅಲ್ಲಿಂದಲೇ.

ಮಳೆ ಬಂದ ಮೇಲಾದರೂ ನೆಟ್ಟಗಾಗುತ್ತದೆಯೇ? ತಕ್ಷಣ ಇಲ್ಲ. ಅಂಡ ಬೆಳೆದು ಹಣ್ಣಾಗಲು ವಾರಗಟ್ಟಲೆ ಬೇಕು. ಮೇ ತಿಂಗಳ ಬಿಸಿಯಲ್ಲಿ ಬೆಳೆದ ಅಂಡ ಜೂನ್ ಕೊನೆಗೆ ಹೊರಬಂದರೆ ಅದರಲ್ಲಿ ಮೇ ತಿಂಗಳ ಪೆಟ್ಟು ಇದ್ದೇ ಇರುತ್ತದೆ. ಹಾಗಾಗಿ ತಂಪಾದ ಮೇಲೂ ಒಂದೂವರೆ ತಿಂಗಳು ಗಬ್ಬ ಕಟ್ಟುವುದು ಕಷ್ಟ. ಮಾರ್ಚ್‌ನಲ್ಲಿ ನಿಲ್ಲಬೇಕಿದ್ದ ಗಬ್ಬ ಆಗಸ್ಟ್‌ಗೆ ಹೋದರೆ ಐದು ತಿಂಗಳು ಹೆಚ್ಚುವರಿ ಮೇವು, ಹಿಂಡಿ, ಆಳಿನ ಕೆಲಸ. ಕರು ಐದು ತಿಂಗಳು ತಡ, ಮುಂದಿನ ಸೂಲಿನ ಹಾಲೂ ಐದು ತಿಂಗಳು ತಡ. ಇಷ್ಟೆಲ್ಲ ಕಳೆದುಕೊಂಡರೂ ಬಟವಾಡೆ ಚೀಟಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಮನೆಯವರು “ಈ ಹಸು ಸರಿಯಿಲ್ಲ” ಅಂತ ಸಂತೆಗೆ ಹೊಡೆಯುತ್ತಾರೆ.

ಇನ್ನೂ ದೂರ ಹೋಗುವ ಪೆಟ್ಟೊಂದಿದೆ. ಗಬ್ಬದ ಕೊನೆಯ ಎರಡು ತಿಂಗಳು ತಾಯಿ ಸೆಕೆಯಲ್ಲಿ ಬೆಂದರೆ ಕರು ಸಣ್ಣಗೆ ಹುಟ್ಟುತ್ತದೆ. ಫ್ಲೋರಿಡಾ ವಿಶ್ವವಿದ್ಯಾಲಯದವರು ಇಂಥ ಕರುಗಳ ಬೆನ್ನುಹತ್ತಿ ವರ್ಷಗಟ್ಟಲೆ ನೋಡಿದ್ದಾರೆ. ಅವು ದೊಡ್ಡವಾಗಿ ಈದ ಮೇಲೂ ಹಾಲು ಕಡಿಮೆ ಕೊಡುತ್ತವೆ. ಈ ಬೇಸಿಗೆಯ ಬಿಸಿಲಿಗೆ ಮೂರು ವರ್ಷ ಬಿಟ್ಟು ಹಾಲು ಇಳಿಯುತ್ತದೆ ಅಂದರೆ ಯಾರು ಇದನ್ನು ಅದಕ್ಕೆ ಜೋಡಿಸಿ ನೋಡುತ್ತಾರೆ?

ಪ್ಯಾಕೆಟ್ಟಿನಲ್ಲಿ ಕಂಡ ಮಳೆ

ಮೇವಿನ ಕತೆ ಇದಕ್ಕಿಂತ ಬೇಗ ಕಾಣುತ್ತದೆ. 2023ರ ಮಾರ್ಚ್‌ನಲ್ಲಿ, ಹಾಲಿನ ಕೊರತೆ ನಡುವೆ, ನಂದಿನಿಯ ಕೆನೆಭರಿತ ಹಾಲಿನ ಒಂದು ಲೀಟರ್ ಪ್ಯಾಕೆಟ್ 900 ಮಿಲಿಲೀಟರಿಗೆ ಇಳಿಯಿತು. ಅದೇ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. 2024ರಲ್ಲಿ ಮಳೆ ಚೆನ್ನಾಯಿತು, ಹಸಿಮೇವು ಬಂತು. ದಿನದ ಹಾಲು ಸಂಗ್ರಹ ಒಂದು ಕೋಟಿ ಲೀಟರಿನ ಮಟ್ಟ ಮುಟ್ಟಿತು. ಹೆಚ್ಚಾದ ಹಾಲನ್ನು ಏನು ಮಾಡುವುದು? ಆ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಜಾಸ್ತಿ ಹಾಕಿ ಎರಡು ರೂಪಾಯಿ ಏರಿಸಿದರು. ಪೇಟೆಯವರು ಎರಡು ರೂಪಾಯಿಯ ಬಗ್ಗೆ ಜಗಳವಾಡಿದರು. ಒಂದೂಕಾಲು ವರ್ಷದಲ್ಲಿ ಪ್ಯಾಕೆಟ್ ಕುಗ್ಗಿ ಹಿಗ್ಗಿದ್ದರ ಹಿಂದೆ ಮೇವು, ಮಳೆ ಇದ್ದದ್ದು ಮಾತಿಗೆ ಬರಲೇ ಇಲ್ಲ.

ಮೊದಲು ಮಳೆ ಕಡಿಮೆಯಾದರೆ ಗೋಮಾಳ ಇತ್ತು, ಕೆರೆಯಂಗಳದ ಹುಲ್ಲಿತ್ತು. ಈಗ ಹಸಿಮೇವು ಅಂದರೆ ಬೋರ್‌ವೆಲ್ ನೀರಿನ ಜೋಳ, ನೇಪಿಯರ್ ಹುಲ್ಲು. ಕೋಲಾರದಲ್ಲಿ ಬೋರು ಸಾವಿರ ಅಡಿ ದಾಟಿ ಎಷ್ಟೋ ವರ್ಷಗಳಾದವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನೇ ಶುದ್ಧೀಕರಿಸಿ ಅಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ. ಬೆಂಗಳೂರು ಕುಡಿಯುವ ಹಾಲು ಕೋಲಾರದ್ದು, ಕೋಲಾರದ ಕೆರೆಯ ನೀರು ಬೆಂಗಳೂರಿನದು. ಈ ಕೊಡುಕೊಳ್ಳುವಿಕೆಯ ಬಗ್ಗೆ ಇನ್ನೊಮ್ಮೆ ಬರೆಯಬೇಕು.

ರೋಗಗಳ ವಿಷಯ ಚುಟುಕಾಗಿ. ಬಿಸಿ ಮತ್ತು ಅಕಾಲದ ಮಳೆ ಸೇರಿದರೆ ನೊಣ, ಸೊಳ್ಳೆ, ಉಣ್ಣೆಗಳಿಗೆ ಸುಗ್ಗಿ. ಚರ್ಮಗಂಟು ರೋಗ 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡು, 2022ರಲ್ಲಿ ದೇಶದ ತುಂಬ ಹಬ್ಬಿತು. ಕರ್ನಾಟಕವನ್ನೂ ಬಿಡಲಿಲ್ಲ. ಕುರಿಗಳ ನೀಲಿ ನಾಲಿಗೆ ರೋಗ ಹರಡುವುದೂ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುವ ನೊಣದಿಂದ. ಹಿಂಗಾರು ಮಳೆ ಜೋರಾದ ವರ್ಷ ಕುರಿಗಾಹಿಗಳಿಗೆ ಅದರ ಭಯ ಹೆಚ್ಚು. ಪ್ರತಿ ರೋಗಕ್ಕೂ ಹವೆಯೇ ಕಾರಣ ಅಂತ ಹೇಳಲಾಗದು. ದನಗಳ ಸಾಗಾಟ, ತಡವಾದ ಲಸಿಕೆ ಇವೂ ಸೇರುತ್ತವೆ.

ಕೀನ್ಯಾದಲ್ಲಿ ಒಂಟೆ, ಇಲ್ಲಿ ಏನು?

ಆಫ್ರಿಕಾದ ಪೂರ್ವ ತುದಿಯಲ್ಲಿ, ಅಂದರೆ ಕೀನ್ಯಾ, ಇಥಿಯೋಪಿಯಾ, ಸೊಮಾಲಿಯಾದಲ್ಲಿ, 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟವು. ಕೀನ್ಯಾ ಒಂದರಲ್ಲೇ 25 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಮಳೆ ಕಡಿಮೆಯಾದದ್ದು ಒಂದು ಕಾರಣ. ಬಿದ್ದಷ್ಟು ಮಳೆಯೂ ಏರಿದ ಬಿಸಿಗೆ ನೆಲದಿಂದ ಬೇಗ ಆರಿಹೋದದ್ದು ಇನ್ನೊಂದು. ಅಲ್ಲಿನ ಸಂಬುರು ಜನರಿಗೆ ದನವೆಂದರೆ ಬ್ಯಾಂಕು, ಮಾನ, ಮದುವೆಯ ತೆರ ಎಲ್ಲ. ಅಂಥವರು ಈಗ ಒಂಟೆ ಕಟ್ಟುತ್ತಿದ್ದಾರೆ. ಒಂಟೆ ವಾರಕ್ಕೂ ಹೆಚ್ಚು ದಿನ ನೀರಿಲ್ಲದೆ ಇರಬಲ್ಲದು, ಪೊದೆಯ ಚಿಗುರು ತಿಂದು ಬರಗಾಲದಲ್ಲೂ ಹಾಲು ಕೊಡುತ್ತದೆ.

ಅಲ್ಲಿಂದ ಕಲಿಯಬಹುದಾದ ಇನ್ನೊಂದು ಸಂಗತಿ ವಿಮೆ. ಉತ್ತರ ಕೀನ್ಯಾದ ಮಾರ್ಸಬಿಟ್‌ನಲ್ಲಿ 2010ರಲ್ಲಿ ಶುರುವಾದ ವಿಮೆಯಲ್ಲಿ ಸತ್ತ ದನದ ಫೋಟೊ, ಕಿವಿಯ ಓಲೆ, ಪಂಚನಾಮೆ ಯಾವುದೂ ಬೇಡ. ಉಪಗ್ರಹ ಮೇಲಿಂದ ಹುಲ್ಲುಗಾವಲಿನ ಹಸಿರು ಅಳೆಯುತ್ತದೆ. ಹಸಿರು ಗೊತ್ತಾದ ಮಟ್ಟಕ್ಕಿಂತ ಇಳಿದರೆ ಆ ಭಾಗದ ವಿಮೆದಾರರಿಗೆಲ್ಲ ಹಣ. ಕೇರಳದ ಮಲಬಾರಿನಲ್ಲಿ ಹಾಲು ಒಕ್ಕೂಟ ಇಂಥದ್ದೇ ಒಂದನ್ನು ಸೆಕೆಗೆ ತಂದಿದೆ. ಗೊತ್ತುಪಡಿಸಿದ ಮಿತಿಗಿಂತ ಬಿಸಿ ಕೆಲವು ದಿನ ಸತತ ಮೇಲಿದ್ದರೆ ರೈತರಿಗೆ ಪರಿಹಾರ. ನಮ್ಮಲ್ಲಿನ ಮಾಮೂಲಿ ರಾಸು ವಿಮೆ ಹಸು ಸತ್ತರೆ ಮಾತ್ರ. ಆದರೆ ಸೆಕೆ ಹಸುವನ್ನು ಕೊಲ್ಲುವುದು ಅಪರೂಪ, ಹಾಲನ್ನು ಗಬ್ಬವನ್ನು ತಿನ್ನುತ್ತದೆ.

ಹಾಗಾದರೆ ನಾವೂ ಹಸು ಬದಲಿಸೋಣವೇ, ನಾಟಿ ಹಸುವಿಗೆ ಮರಳೋಣವೇ? ಪೇಟೆಯಲ್ಲಿ ಈ ಮಾತು ಬಹಳ ಕೇಳುತ್ತೇನೆ. ನಾಟಿ ಹಸು ಬಿಸಿ ತಡೆಯುವುದು ನಿಜ. ಜೋತುಬಿದ್ದ ಗಂಗೆದೊಗಲು, ಸಡಿಲ ಚರ್ಮ, ನುಣುಪಾದ ಗಿಡ್ಡ ಕೂದಲು, ಹೆಚ್ಚು ಬೆವರುವ ಮೈ ಎಲ್ಲವೂ ಈ ನೆಲಕ್ಕೆಂದೇ ಆದವು. ಆದರೆ ಹಳ್ಳಿಕಾರ್, ಅಮೃತಮಹಲ್ ಉಳುಮೆಯ ತಳಿಗಳು, ಹಾಲಿನವಲ್ಲ. ಮಲೆನಾಡು ಗಿಡ್ಡ ಕೊಡುವುದು ಲೋಟದ ಲೆಕ್ಕ. ಸಾಲ ಮಾಡಿ ಎರಡು ಹಸು ಕಟ್ಟಿರುವ ಮನೆಗೆ ಹಾಲಿನ ಬಟವಾಡೆಯೇ ಸಂಬಳ. 2012ರಿಂದ 2019ರ ನಡುವೆ ದೇಶದಲ್ಲಿ ವಿದೇಶಿ ಮತ್ತು ಮಿಶ್ರತಳಿ ದನಗಳು ಶೇ 27ರಷ್ಟು ಏರಿದವು, ದೇಸಿ ತಳಿಗಳು ಶೇ 6ರಷ್ಟು ಇಳಿದವು. ಅದು ರೈತರ ದಡ್ಡತನ ಅಲ್ಲ, ಲೆಕ್ಕಾಚಾರ. ಬ್ರೆಜಿಲ್ ಮಾಡಿದ್ದು ನನಗೆ ಹೆಚ್ಚು ಹಿಡಿಸುತ್ತದೆ. ನಮ್ಮ ಗುಜರಾತಿನ ಗಿರ್ ಒಯ್ದು, ಯಾವ ಹಸು ಎಷ್ಟು ಹಾಲು ಕೊಟ್ಟಿತು ಎಂದು ದಶಕಗಟ್ಟಲೆ ಬರೆದಿಟ್ಟು ಆರಿಸಿದರು, ಎಚ್‌ಎಫ್ ಜೊತೆ ಬೆರೆಸಿದರು. ಆ ದೇಶದ ಬಹುಪಾಲು ಹಾಲು ಈಗ ಅಂಥ ಗಿರೊಲಾಂಡೊ ಹಸುಗಳದು. ತಳಿ ನಮ್ಮದು, ಪುಸ್ತಕ ಬರೆದಿಟ್ಟವರು ಅವರು.

ಹಸುವೇ ಹವೆ ಕೆಡಿಸುತ್ತದೆ ಎಂಬ ದೂರೂ ಇದೆ. ಮನುಷ್ಯರಿಂದ ಆಗುವ ಹಸಿರುಮನೆ ಅನಿಲಗಳಲ್ಲಿ ಜಾನುವಾರುಗಳ ಪಾಲು ಶೇ 12ರಷ್ಟು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿದೆ. ಹಸು ತೇಗಿದಾಗ ಹೊರಬರುವ ಮೀಥೇನ್ ಅದರಲ್ಲಿ ದೊಡ್ಡದು. ಮುಚ್ಚಿಡುವುದೇನಿಲ್ಲ. ಆದರೆ ಒಣ ಹುಲ್ಲು ತಿಂದು, ಗಬ್ಬ ನಿಲ್ಲದೆ ವರ್ಷ ಕಳೆಯುವ ಹಸು ಒಂದು ಲೀಟರ್ ಹಾಲಿಗೆ ಬಿಡುವ ಮೀಥೇನೇ ಜಾಸ್ತಿ. ಹಸುವಿಗೆ ತಂಪು, ಹಸಿಮೇವು ಸಿಕ್ಕರೆ ಎರಡೂ ಕಡೆ ಲಾಭ.

ಕೊಟ್ಟಿಗೆಯಲ್ಲಿ ಮಾಡಿದ್ದು

ಚಿಕ್ಕಮ್ಮನ ಕೊಟ್ಟಿಗೆಯಲ್ಲಿ ದುಬಾರಿ ಕೆಲಸ ಏನೂ ಆಗಲಿಲ್ಲ. ಶೀಟಿನ ಮೇಲೆ ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ದಪ್ಪಗೆ ಬಳಿದೆವು, ಮೇಲೆ ತೆಂಗಿನ ಗರಿ ಹೊದಿಸಿದೆವು. ಕರಿ ಸಿಂಟೆಕ್ಸ್ ಟ್ಯಾಂಕನ್ನು ಬಿಸಿಲಿಂದ ತೆಗೆದು ಹೊಂಗೆ ಮರದ ಕೆಳಗೆ ಇಟ್ಟೆವು. ಕಾದ ನೀರು ಕುಡಿದು ಹಸು ತಣಿಯುವುದು ಹೇಗೆ? ಮಧ್ಯಾಹ್ನದ ಮೇವು ನಿಲ್ಲಿಸಿ ಬೆಳಗಿನ ಜಾವ ಮತ್ತು ರಾತ್ರಿಗೆ ಹಂಚಿದೆವು. ಬೆಳಗ್ಗೆ ಹತ್ತಕ್ಕೆ ತಿಂದರೆ ಹೊಟ್ಟೆಯ ಒಲೆ ಮಧ್ಯಾಹ್ನ ಒಂದು-ಎರಡಕ್ಕೆ ಜೋರಾಗುತ್ತದೆ, ಸರಿಯಾಗಿ ನೆತ್ತಿ ಸುಡುವ ಹೊತ್ತಿಗೆ. ಹಗ್ಗ ಬಿಚ್ಚಿ ಹಗಲು ಮರದಡಿ ಬಿಟ್ಟೆವು.

ಒಂದು ಎಚ್ಚರಿಕೆ. ಮಂಜಿನಂಥ ಹನಿ ಚಿಮ್ಮಿಸುವ ಫಾಗರ್ ಕರಾವಳಿಯಲ್ಲಿ ತಿರುಗುಬಾಣವಾಗಬಹುದು. ಹನಿ ಆರದೆ ಕೊಟ್ಟಿಗೆಯ ತೇವ ಏರುತ್ತದೆ. ಮೈ ಪೂರ್ತಿ ನೆನೆಯುವಷ್ಟು ನೀರು ಹಾಕಿ, ಆಮೇಲೆ ಫ್ಯಾನ್ ಹಾಕಿ ಆರಿಸಬೇಕು. ತಣಿಸುವುದು ನೀರಲ್ಲ, ನೀರು ಆರುವುದು.

ಮೇವಿಗೆ ಸೈಲೇಜ್, ಅಂದರೆ ರಸಮೇವು. ಮಳೆಗಾಲದಲ್ಲಿ ಮುಸುಕಿನ ಜೋಳ ಹಾಲ್ದೆನೆ ದಾಟುವಾಗ ಕತ್ತರಿಸಿ, ಚೀಲದಲ್ಲಿ ಗಾಳಿ ಇಲ್ಲದಂತೆ ತುಳಿದು ಕಟ್ಟಿಟ್ಟರೆ ಒಂದೂವರೆ ತಿಂಗಳಿಗೆ ಹದ ಬರುತ್ತದೆ. ಬೇಸಿಗೆವರೆಗೂ ಇಡಬಹುದು. ನಮ್ಮ ಉಪ್ಪಿನಕಾಯಿ ಬುದ್ಧಿಯೇ ಇದು. ಆದರೆ ಮಳೆಗಾಲದಲ್ಲಿ ಕೈಯಲ್ಲಿ ಜಮೀನು, ನೀರು, ಕೂಲಿಗೆ ದುಡ್ಡು ಇರುವವರು ಮಾತ್ರ ಮಾಡಬಲ್ಲರು. ಜಮೀನಿಲ್ಲದೆ ಎರಡು ಹಸು ಕಟ್ಟಿದವರಿಗೆ ಸಂಘಗಳೇ ಮಾಡಿ ಕೊಡಬೇಕು.

ಗೌರಿ ಆ ಬೇಸಿಗೆ ಗಬ್ಬ ನಿಲ್ಲದೆ ಎರಡು ಸಲ ತಿರುಗಿ ಬೆದೆಗೆ ಬಂತು. ಮೂರನೇ ಸಲ ಚಿಕ್ಕಮ್ಮ ಹಟ ಹಿಡಿದರು. ರಾತ್ರಿ ಒಂದು ಸಲ, ಬೆಳಗಿನ ಜಾವ ಒಂದು ಸಲ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ ಬಾಲದ ಬುಡ ನೋಡುವುದು. ಅಕ್ಟೋಬರಿನ ಒಂದು ದಿನ ಜಾವ ನಾಲ್ಕಕ್ಕೆ ಲೋಳೆ ಕಂಡಿತು, ಅದೇ ಸಂಜೆ ಡಾಕ್ಟರು ಬಂದರು, ಗಬ್ಬ ನಿಂತಿತು. ಈಯುವುದು ಜುಲೈಗೆ. ಅಂದರೆ ಗಬ್ಬದ ಕೊನೆಯ ಎರಡು ತಿಂಗಳಿಗೆ ಸರಿಯಾಗಿ ಬೇಸಿಗೆಯ ಬಾಲ ತಾಗುತ್ತದೆ. ಹಾಲು ನಿಲ್ಲಿಸಿದ ಮೇಲೂ ಗೌರಿಗೆ ನೀರು ಹಾಕಿ, ಫ್ಯಾನ್ ಹಾಕಿ ಅಂದೆ.

“ಹಾಲೇ ಕೊಡ್ದಿರೋ ಹಸೂಗೆ ಫ್ಯಾನಾ?” ಅಂತ ನಕ್ಕರು. ಕರುವಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದುಹೋಗಿ ಹಾಲು ಕರೆಯುವ ಇನ್ನೊಂದು ಹಸುವಿನ ಕಡೆಗಿದ್ದ ಫ್ಯಾನನ್ನು ಎರಡೂ ಹಸುಗಳಿಗೆ ಗಾಳಿ ತಾಗುವ ಹಾಗೆ ತಿರುಗಿಸಿಟ್ಟರು.